ಮೇಜಿನ ಬಟ್ಟೆ

ಬೀದಿಯ ತಿರುವಿನವರೆಗೆ ಹೋಗಿದ್ದ ಸೊಸೆ ಅಲ್ಲೇ ನಿಂತಳು. ಕೈಚೀಲವನ್ನು ಗಂಡನ ಕೈಗೆ ತುರುಕಿ, "ಒಂದ್ಸಲ ನೋಡ್ಕೊಂಡು ಬಂದ್ಬಿಡ್ತೀನಿ," ಎಂದಳು.

"ಬೀಗ ಹಾಕೋವಾಗ ನೋಡಿದ್ಯಲ್ಲ."

"ನೋಡಿದ್ದೆ. ಆದ್ರೂ..."

"ಹೋಗು. ಹಾಗೇ ಇಸ್ತ್ರಿ ಪೆಟ್ಟಿಗೇನೂ ಪ್ರಾರ್ಥನೆಗೆ ಬರತ್ತಾ ಕೇಳ್ಕೊಂಡು ಬಾ."

ಹೇಳಿದವನ ಮುಖದಲ್ಲಿ ನಗುವಿರಲಿಲ್ಲ. ಕಂಕುಳಲ್ಲಿದ್ದ ಮಗಳನ್ನು ಕೆಳಗಿಳಿಸಿ, ಮೇಲೆ ಸರಿದಿದ್ದ ಅವಳ ಅಂಗಿಯ ತೋಳನ್ನು ಕೆಳಗೆಳೆದ. ಮೊಣಕೈಯಿಂದ ಮಣಿಕಟ್ಟಿನವರೆಗೆ ಸುಟ್ಟ ಗಾಯ ಮಾಯ್ದು, ಹೊಸ ಚರ್ಮ ನುಣ್ಣಗೆ ಗುಲಾಬಿ ಬಣ್ಣಕ್ಕೆ ಮಿರುಗುತ್ತಿತ್ತು. ಅತ್ತೆ ಮೊಮ್ಮಗಳ ಇನ್ನೊಂದು ಕೈ ಹಿಡಿದು ರಸ್ತೆಯ ಆಚೆ ನೋಡಿದಳು. ಆಚೆ ನೋಡುವಂಥದ್ದೇನೂ ಇರಲಿಲ್ಲ.

ಅವರ ಮನೆಯ ಮುಂಗೋಣೆಯೇ ಲಾಂಡ್ರಿ. ಮಗ ಗಾಡಿಯಲ್ಲಿ ಮನೆಮನೆಯಿಂದ ಬಟ್ಟೆ ತರುತ್ತಾನೆ, ಸೊಸೆ ಇಸ್ತ್ರಿ ಹಾಕುತ್ತಾಳೆ, ಅತ್ತೆ ಮಡಿಸಿ ಕಟ್ಟು ಕಟ್ಟುತ್ತಾ ಮಗುವನ್ನು ನೋಡಿಕೊಳ್ಳುತ್ತಾಳೆ. ಮಗುವಿನ ಕೈ ಸುಟ್ಟ ದಿನ ಸೊಸೆ ಅವಸರದ ಬಟ್ಟೆಯೊಂದನ್ನು ಕೊಟ್ಟುಬರಲು ಹೊರಗೆ ಹೋಗಿದ್ದಳು. ಕೂಗು ಕೇಳಿ ಹೊರಗಿನಿಂದ ಓಡಿ ಬಂದವನು ಮಗ. "ಸ್ವಿಚ್ ಹಾಕಿಟ್ಟೇ ಹೋಗಿದಾಳೆ ಮಾರಾಯ್ತಿ," ಎಂದು ಅರಚಿದ. ನಲ್ಲಿಯ ಕೆಳಗೆ ಮಗುವಿನ ಕೈ ಹಿಡಿದಿದ್ದ ಅತ್ತೆ ಬಾಯಿ ತೆರೆದಳು. ಅಷ್ಟರಲ್ಲಿ ಆಸ್ಪತ್ರೆ, ಮುಲಾಮು, ಮಗುವಿನ ಚೀರಾಟ. ಸಂಜೆಯ ಹೊತ್ತಿಗೆ ಸೊಸೆಯೇ, "ಮರೆತಿರ್ಬೇಕು ರೀ, ನಾನೇ ಮರೆತಿರ್ಬೇಕು," ಎಂದು ಗೋಡೆಗೆ ತಲೆಯಿಟ್ಟು ಅಳುತ್ತಿದ್ದಳು. ತೆರೆದ ಬಾಯಿ ಹಾಗೇ ಮುಚ್ಚಿಕೊಂಡಿತು.

ಸೊಸೆ ಮರೆತಿರಲಿಲ್ಲ. ಅವಳು ಆರಿಸಿಟ್ಟು ಹೋದ ಪೆಟ್ಟಿಗೆಯನ್ನು ಮತ್ತೆ ಬಿಸಿಮಾಡಿದ್ದು ಅತ್ತೆ. ಸಭೆಯಲ್ಲಿ ರೊಟ್ಟಿ, ದ್ರಾಕ್ಷಾರಸ ಹಂಚುವ ಕರ್ತನ ಭೋಜನದ ಮೇಜಿಗೆ ಹಾಸುವ ಬಿಳಿಯ ಬಟ್ಟೆಗೆ ಇಸ್ತ್ರಿ ಹಾಕುವುದು ಅವಳ ಪಾಲಿನ ಸೇವೆ. ಅದಕ್ಕೆ ಚಿಮುಕಿಸಲು ನೀರು ತರಲೆಂದು ಹಿತ್ತಲಿಗೆ ಹೋದವಳು ಪಕ್ಕದ ಮನೆಯವಳ ಜೊತೆ ಮಾತಿಗೆ ನಿಂತಳು. ಮಗು ವಯರು ಎಳೆಯಿತು.

ಅಂದಿನಿಂದ ಅತ್ತೆ ಮಂಡಿಯೂರಿದಾಗೆಲ್ಲ ಒಂದೇ ಮಾತು ಕೇಳುತ್ತಿತ್ತು: ಹೇಳು. ದೊಡ್ಡ ದನಿಯೇನಲ್ಲ, ಕರೆಂಟು ಹೋದಾಗ ಮನೆಯಲ್ಲಿ ಎದ್ದು ಕೇಳುವ ಗಡಿಯಾರದ ಸದ್ದಿನಂತೆ. ಹೇಳಿದರೆ ಮಗುವನ್ನು ಇನ್ನು ತನ್ನ ಕೈಗೆ ಬಿಡುವವರು ಯಾರು? ಬೆಳಗಾದರೆ "ಅಜ್ಜೀ" ಎಂದು ಹೊದಿಕೆಯೊಳಗೆ ತೂರುವ ಆ ಪುಟ್ಟ ಜೀವ ಬಿಟ್ಟರೆ ಅವಳಿಗೆ ದಿನವೆಂಬುದೇ ಇರಲಿಲ್ಲ. "ಇದೊಂದು ಬಿಟ್ಟು ಬೇರೆ ಏನಾದ್ರೂ ಕೇಳಪ್ಪ," ಎಂದಳು ದೇವರಿಗೆ. ಕೇಳದೆಯೇ ಕೊಡತೊಡಗಿದಳು. ಶುಕ್ರವಾರ ಉಪವಾಸ ಹಿಡಿದಳು. ಪ್ರಾರ್ಥನೆಯ ಹಾಲ್ ಗುಡಿಸಿದಳು. ಕಾಯಿಲೆ ಬಿದ್ದವರ ಹಾಸಿಗೆಯ ಬಟ್ಟೆ ಒಗೆದುಕೊಟ್ಟಳು. ಇಷ್ಟಾದ ಮೇಲೂ ಮಂಡಿಯೂರಿದರೆ ಅದೇ ಸದ್ದು.

ಹಾಲ್ ಇದ್ದದ್ದು ಟೈರ್ ಅಂಗಡಿಯ ಮೇಲಿನ ಮಹಡಿಯಲ್ಲಿ. ಕಿಟಕಿ ತೆರೆದರೆ ರಬ್ಬರಿನ ವಾಸನೆ, ಮುಚ್ಚಿದರೆ ಸೆಖೆ. ಮಕ್ಕಳ ಗದ್ದಲಕ್ಕೆಂದು ಹಿಂದೆ ಬಿಟ್ಟಿದ್ದ ಜಾಗದಲ್ಲಿ ಮಗ ಮಗುವಿನೊಂದಿಗೆ ಕುಳಿತ. ಅತ್ತೆ, ಇಸ್ತ್ರಿ ಪೆಟ್ಟಿಗೆ ನೋಡಿಕೊಂಡು ಬಂದ ಸೊಸೆ ನಡುವಿನ ಬೆಂಚಿನಲ್ಲಿ. ವಾರವಿಡೀ ಶಾಲೆಯ ವ್ಯಾನ್ ಓಡಿಸುವ ಪಾಸ್ಟರು ಅಂದು ವಿಧೇಯತೆಯ ಬಗ್ಗೆ ಮಾತನಾಡಿದರು. ಸೊಸೆಯ ಬೆರಳುಗಳು ಚೀಲದಲ್ಲಿದ್ದ ಮನೆಯ ಕೀಲಿಯನ್ನು ಹುಡುಕಿ ಹಿಡಿಯುವುದು, ಬಿಡುವುದು, ಮತ್ತೆ ಹಿಡಿಯುವುದು ಅತ್ತೆಯ ಕಣ್ಣಂಚಿಗೆ ಕಾಣುತ್ತಿತ್ತು.

"ದೇವರ ಮಾತು ಕೇಳೋದು ಅಂದ್ರೆ ಏನು ಅಂತ ದೂರ ಎಲ್ಲೂ ಹುಡುಕೋದು ಬೇಡ," ಎಂದರು ಪಾಸ್ಟರು. "ನಮ್ಮ ಲಾಂಡ್ರಿ ಅಮ್ಮ ಇದಾರೆ. ಈ ಬಟ್ಟೆ ನೋಡಿ. ಎಲ್ಲಾದ್ರೂ ಒಂದು ಸುಕ್ಕು ಇದ್ಯಾ?"

ಎಲ್ಲರೂ ಬಟ್ಟೆ ನೋಡಿದರು, ಆಮೇಲೆ ಅವಳನ್ನು.

ಆ ಸಭೆಯಲ್ಲಿ ದ್ರಾಕ್ಷಾರಸದ ಪಾತ್ರೆ ಒಂದೇ. ಬೆಂಚಿನಿಂದ ಬೆಂಚಿಗೆ, ಕೈಯಿಂದ ಕೈಗೆ ಹೋಗುತ್ತದೆ. ಮನಸ್ಸಿನಲ್ಲಿ ಏನಾದರೂ ಬಾಕಿ ಉಳಿದಿದೆ ಅನ್ನಿಸಿದವರು ಕುಡಿಯದೆ ದಾಟಿಸುತ್ತಾರೆ. ಯಾರೂ ಯಾಕೆಂದು ಕೇಳುವುದಿಲ್ಲ; ನೋಡುವುದನ್ನಂತೂ ಬಿಡುವುದಿಲ್ಲ. ಮಗುವಿನ ಕೈ ಸುಟ್ಟಂದಿನಿಂದ ಸೊಸೆ ಕುಡಿದಿರಲಿಲ್ಲ. ಅವಳು ದಾಟಿಸಿದ ಪಾತ್ರೆಯಿಂದಲೇ ಅತ್ತೆ ಪ್ರತಿ ಸಲವೂ ಕುಡಿದಿದ್ದಳು.

ಅಂದೂ ಸೊಸೆ ತಲೆ ತಗ್ಗಿಸಿ ಪಾತ್ರೆಯನ್ನು ಪಕ್ಕಕ್ಕೆ ಚಾಚಿದಳು. ಮುಂದಿನ ಬೆಂಚಿನ ಹೆಂಗಸು ಕೊರಳು ತಿರುಗಿಸಿ ನೋಡಿದಳು. ಅತ್ತೆ ಪಾತ್ರೆ ತೆಗೆದುಕೊಂಡಳು. ತುಟಿಯವರೆಗೆ ಎತ್ತಲು ಹೋದರೆ ತೋಳು ಏಳಲಿಲ್ಲ. ಆಚೆಗೆ ಕೊಡಲೂ ಆಗಲಿಲ್ಲ. ಪಾತ್ರೆಯೊಳಗೆ ದೀಪದ ಬೆಳಕು ಅಲುಗುತ್ತಿತ್ತು.

ಇನ್ನೊಂದು ಪಕ್ಕದಲ್ಲಿದ್ದ ಮುದಿ ಪ್ಲಂಬರ್ ಕಾದು ಕಾದು ಬಗ್ಗಿದ. "ಅಮ್ಮ, ಕುಡೀರಿ, ಇಲ್ಲ ಇತ್ಲಾಗೆ ಕೊಡಿ. ನನ್ನ ಸರದಿ ಬರೋ ಹೊತ್ತಿಗೆ ಕರ್ತನೇ ವಾಪಸ್ ಬಂದ್ಬಿಡ್ತಾನೆ."

ಅವಳು ಕುಡಿಯದೆ ಅವನಿಗೆ ಕೊಟ್ಟಳು. ಕೊಟ್ಟ ಕೈಯಿಂದಲೇ ಸೊಸೆಯ ಮಣಿಕಟ್ಟು ಹಿಡಿದು, "ಆಚೆ ಬಾ," ಎಂದಳು.

"ಈಗಲಾ? ಏನಾಯ್ತತ್ತೆ? ಬಿಪಿ ಏನಾದ್ರೂ..."

"ಬಾ ಅಂದೆ."

ಮೆಟ್ಟಿಲ ಮೇಲೆ ಯಾರೂ ಇರಲಿಲ್ಲ. ಅತ್ತೆ ಮೆಟ್ಟಿಲ ಕಂಬಿ ಹಿಡಿದು ಒಂದೇ ಉಸಿರಿಗೆ ಹೇಳಿದಳು: "ಆವತ್ತು ನೀನು ಸ್ವಿಚ್ ಆರಿಸಿದ್ದೆ. ಆರಿಸಿ, ವಯರು ಸುತ್ತಿಟ್ಟು ಹೋಗಿದ್ದೆ. ಮತ್ತೆ ಹಾಕಿದ್ದು ನಾನು. ಒಳಗಿದೆಯಲ್ಲ, ಆ ಬಟ್ಟೆಗೆ."

ಸೊಸೆಯ ಬಲಗೈ ಗಾಳಿಯಲ್ಲಿ ಮೆಲ್ಲಗೆ ಸುತ್ತಿತು, ಕಾಣದ ವಯರೊಂದನ್ನು ಸುತ್ತುವ ಹಾಗೆ.

"ವಯರು ಸುತ್ತಿದ್ನಾ?"

"ಸುತ್ತಿದ್ದೆ."

"ಪ್ಲಗ್ಗೂ ಕಿತ್ತಿದ್ನಾ?"

"ಕಿತ್ತಿದ್ದೆ."

"ಸ್ವಿಚ್ಚೂ ಆರಿಸಿದ್ದೆ." ಈ ಸಲ ಅದು ಪ್ರಶ್ನೆಯಾಗಿರಲಿಲ್ಲ. ಸೊಸೆ ಮೆಟ್ಟಿಲ ಮೇಲೆ ಕುಳಿತಳು. "ನನ್ನ ಕೈನ ನಾನೇ ನಂಬೋದು ಬಿಟ್ಟಿದ್ದೆ ಅತ್ತೆ. ರಾತ್ರಿ ಗ್ಯಾಸ್ ನೋಡೋಕೆ ಎಷ್ಟು ಸಲ ಏಳ್ತಿದ್ದೆ. ನೀವು ಅಲ್ಲೇ ಮಲಗಿ ನೋಡ್ತಿದ್ರಿ."

"ನೋಡ್ತಿದ್ದೆ."

"ಏನೂ ಅನಿಸ್ಲಿಲ್ವಾ?"

"ಅನಿಸ್ತು ಕಣಮ್ಮ. ಅದಕ್ಕೇ ಉಪವಾಸ ಹಿಡಿದಿದ್ದೆ."

ಸೊಸೆ ನಕ್ಕಳು. ಆ ನಗು ಕೇಳಲಾಗುತ್ತಿರಲಿಲ್ಲ. "ನೀವು ಊಟ ಬಿಟ್ರೆ ನನಗೆ ನಿದ್ದೆ ಬರತ್ತಾ?"

ಬಾಗಿಲು ತಳ್ಳಿಕೊಂಡು ಮಗ ಮಗುವಿನೊಂದಿಗೆ ಬಂದ. "ಏನಿದು ಅತ್ತೆ ಸೊಸೆ ಮೀಟಿಂಗು? ಒಳಗೆ ಎಲ್ರೂ ಬಾಗಿಲ ಕಡೇನೇ ನೋಡ್ತಿದಾರೆ."

ಸೊಸೆ ತಲೆ ಎತ್ತಲಿಲ್ಲ. "ಹೇಳಿ ಅತ್ತೆ. ನೀವೇ ಹೇಳಿ."

ಅತ್ತೆ ಮತ್ತೆ ಹೇಳಿದಳು. ಎರಡನೆಯ ಸಲ ಸುಲಭವಾಗಬಹುದೆಂದುಕೊಂಡಿದ್ದಳು; ಆಗಲಿಲ್ಲ. ಪಕ್ಕದ ಮನೆಯವಳ ಜೊತೆ ಮಾತಿಗೆ ನಿಂತದ್ದನ್ನೂ ಬಿಡದೆ ಹೇಳಿದಳು. ಮಗ ಕೇಳುತ್ತಿದ್ದದ್ದು ತಾಯಿಯನ್ನು, ನೋಡುತ್ತಿದ್ದದ್ದು ಹೆಂಡತಿಯನ್ನು. "ನಾನು ನಿನಗೆ ಏನೇನೆಲ್ಲ..." ಎಂದು ಶುರುಮಾಡಿದ.

"ಇಲ್ಲಿ ಬೇಡ ರೀ."

ಅವನು ಮಗುವನ್ನು ಅವಳ ಮಡಿಲಿಗಿಟ್ಟು ಕೆಳಗಿಳಿದುಹೋದ. ಮುಚ್ಚಿದ ಟೈರ್ ಅಂಗಡಿಯ ಮುಂದೆ, ಬೆನ್ನು ತೋರಿಸಿ ನಿಂತ. ಅಲ್ಲಿಂದಲೇ ಹೇಳಿದ: "ನಾಳೆಯಿಂದ ಮರೀನ ನಾನು ಗಾಡೀಲೇ ಕರ್ಕೊಂಡು ಹೋಗ್ತೀನಿ ಅಮ್ಮ."

"ಸರಿಯಪ್ಪ," ಎಂದಳು ಅತ್ತೆ. ಇದನ್ನೇ ಕೇಳಬೇಕಾಗುತ್ತದೆಂದು ಅವಳಿಗೆ ಗೊತ್ತಿತ್ತು. ಕಂಬಿಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು.

ಒಳಗೆ ಹಾಡು ಶುರುವಾಯಿತು. ಸೊಸೆ ಮಗುವನ್ನು ಸೊಂಟಕ್ಕೇರಿಸಿಕೊಂಡು ಎದ್ದಳು. ಒಳಗೆ ಹೋಗಲಿಲ್ಲ, ಕೆಳಗೂ ಇಳಿಯಲಿಲ್ಲ. ಮಗುವಿಗೆ ಬೇಸರ ಬಂದಿತ್ತು. ತಾಯಿಯ ಸೊಂಟದಿಂದ ಅರ್ಧ ಹೊರಕ್ಕೆ ಬಾಗಿ, ಎರಡೂ ಕೈ ಚಾಚಿ, "ಅಜ್ಜೀ," ಎಂದಿತು.

ಅತ್ತೆ ತನ್ನ ಕೈಗಳನ್ನು ಸೆರಗಿನಡಿಗೆ ಸರಿಸಿಕೊಂಡು ಸೊಸೆಯ ಮುಖ ನೋಡಿದಳು. ಸೊಸೆ ಬೀದಿಯ ಕಡೆ ನೋಡುತ್ತಿದ್ದಳು. ಮಗುವನ್ನು ಹಿಂದಕ್ಕೆಳೆದುಕೊಳ್ಳಲಿಲ್ಲ, ಮುಂದಕ್ಕೆ ಕೊಡಲೂ ಇಲ್ಲ. ಮಗು ಹಾಗೇ ಇಬ್ಬರ ನಡುವೆ ಬಾಗಿಕೊಂಡು, ಬೆರಳುಗಳನ್ನು ತೆರೆಯುತ್ತಾ ಮುಚ್ಚುತ್ತಾ ಕಾಯುತ್ತಿತ್ತು.