ಮೊದಲ ಹೆಬ್ಬಾತಿನ ತಲೆ

ಎಂಟು ದಿನ ಕೆಸರಿನಲ್ಲಿ ಕೂತು ಸೊಂಟ ಬಿದ್ದುಹೋಗಿತ್ತು, ಒಂದೇ ಒಂದು ಹೆಬ್ಬಾತು ಹೊಡೆದಿರಲಿಲ್ಲ. ನನಗೆ ನಲವತ್ತಾರು ವರ್ಷ. ಊರಿನ ಆಸ್ಪತ್ರೆಯ ವ್ಯಾನು ಓಡಿಸುತ್ತೇನೆ. ಹಿಮ ಬೀಳುವಾಗ ಹೆರಿಗೆ ನೋವಿನವರನ್ನು ಹಿಂದೆ ಮಲಗಿಸಿಕೊಂಡು ನಲವತ್ತು ಮೈಲಿ ಹೋದವಳು. ಆದರೆ ಈ ಬಿಡಾರದಲ್ಲಿ ನಾನು ಸೌದೆ ತರುವುದಕ್ಕಷ್ಟೇ ಲಾಯಕ್ಕು.

ಮೇ ತಿಂಗಳಲ್ಲಿ ಹೆಬ್ಬಾತುಗಳು ಉತ್ತರದ ಜೇಮ್ಸ್ ಕೊಲ್ಲಿಗೆ ಮರಳುವಾಗ ನಮ್ಮ ಕ್ರೀ ಬುಡಕಟ್ಟಿನ ಜನರ ಊರಿಗೆ ಊರೇ ಬೀಗ ಹಾಕಿ ಬೇಟೆಗೆ ಹೊರಡುತ್ತದೆ. ಮನೆಯಲ್ಲಿ ಯಾರೇ ತಮ್ಮ ಬದುಕಿನ ಮೊದಲ ಹೆಬ್ಬಾತು ಹೊಡೆದರೂ ಅದರ ತಲೆಯನ್ನು ಅಮ್ಮ ಒಣಗಿಸಿ, ಹತ್ತಿ ತುಂಬಿ, ಕುತ್ತಿಗೆಗೆ ಮಣಿಪಟ್ಟಿ ಹೊಲಿದು ಬಿಡಾರದ ಗೋಡೆಗೆ ನೇತುಹಾಕುತ್ತಾಳೆ. ನನ್ನ ನಾಲ್ವರು ಅಣ್ಣತಮ್ಮಂದಿರ ನಾಲ್ಕು ತಲೆಗಳು ಅಲ್ಲಿವೆ. ಐದನೆಯ ಮೊಳೆ ಖಾಲಿ. ನಾನು ಓದಿಗೆಂದು ದಕ್ಷಿಣದ ಪಟ್ಟಣಕ್ಕೆ ಹೋದವಳು, ಗಂಡ, ಕೆಲಸ ಎಂದು ಅಲ್ಲೇ ಉಳಿದು, ತಿರುಗಿ ಬರುವಷ್ಟರಲ್ಲಿ ಕೂದಲು ನೆರೆತಿತ್ತು. ಅಮ್ಮನಿಗೆ ಈಗ ಎಂಬತ್ತನಾಲ್ಕು. ಚಳಿಗಾಲದ ಹೊತ್ತಿಗೆ ಕಣ್ಣು ಪೂರ್ತಿ ಹೋಗುತ್ತದೆ ಎಂದು ಡಾಕ್ಟರು ಹೇಳಿದ್ದಾರೆ. ಈ ವಸಂತ ತಪ್ಪಿತೆಂದರೆ ಆ ಮೊಳೆ ಖಾಲಿಯೇ.

ಇದೆಲ್ಲ ಜೋಸಾಯ ಮಾವನಿಗೂ ಗೊತ್ತು. ಅಮ್ಮನ ತಮ್ಮ, ನಮ್ಮ ಕೊಳದ ಬೇಟೆಯ ಯಜಮಾನ. ಅವನು ಹೂಂ ಎನ್ನದೆ ಇಲ್ಲಿ ಒಂದು ಗುಂಡೂ ಹಾರುವಂತಿಲ್ಲ.

"ಮುಖ ಎತ್ತಬೇಡ ಕಣೇ ವರ್ನಾ, ಹೊಳೆಯುತ್ತೆ. ಅವು ಮೇಲಿಂದ ನಿನ್ನ ಹಲ್ಲೂ ಎಣಿಸ್ತವೆ."

"ಮುಖ ಎತ್ತದೆ ಹೊಡೆಯೋದು ಹೇಗೆ ಮಾವ?"

"ನಾನು ಹೇಳಿದಾಗ ಎತ್ತು."

ಅವನು ಹೇಳುವುದೇ ಅಪರೂಪ. ಹಿಂಡು ನೆತ್ತಿಯ ಮೇಲೆ ಬರುತ್ತದೆ, ಅವನು ಕಣ್ಣು ಮುಚ್ಚಿ "ಎತ್ತರ ಜಾಸ್ತಿ" ಎನ್ನುತ್ತಾನೆ. ಇನ್ನೊಂದು ಹಿಂಡಿಗೆ ಗಾಳಿಯ ದಿಕ್ಕು ಸರಿಯಿಲ್ಲ. ಮೂರನೆಯದಕ್ಕೆ ಹೂಂ ಎಂದಾಗ ನಾನು ಬಂದೂಕಿನ ಸುರಕ್ಷತಾ ಕೀಲಿಯನ್ನೇ ತೆಗೆದಿರಲಿಲ್ಲ. ಬಾಯಲ್ಲಿ ಹಕ್ಕಿ ಕೂಗು ಕೂಗಲು ಹೋದರೆ ತಮ್ಮ ರೆಡ್‌ಫರ್ನ್ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ.

"ಅಕ್ಕ, ನೀನು ಹೀಗೆ ಕೂಗಿದ್ರೆ ಹೆಬ್ಬಾತು ಬರಲ್ಲ, ಆಂಬುಲೆನ್ಸ್ ಬರುತ್ತೆ."

"ಬರಲಿ ಬಿಡು, ನಿನ್ನನ್ನೇ ಮಲಗಿಸಿ ಕಳಿಸ್ತೀನಿ."

ಒಂಬತ್ತನೆಯ ದಿನ ಬೆಳಿಗ್ಗೆ ಒಂದೆಲೆಯೂ ಅಲುಗಲಿಲ್ಲ. ಮಾವ ಬಾಗಿಲಲ್ಲಿ ನಿಂತು ಬೆರಳಿಗೆ ಎಂಜಲು ಹಚ್ಚಿ ಎತ್ತಿ ಹಿಡಿದ.

"ಇವತ್ತು ಬಂದೂಕು ಯಾರೂ ಮುಟ್ಟಬೇಡಿ. ಗಾಳಿ ಇಲ್ಲದ ದಿನ ಹೊಡೆದ್ರೆ ಸದ್ದು ಕೊಳದ ತುದಿವರೆಗೂ ಹೋಗುತ್ತೆ. ಅಲ್ಲಿ ತಂಗಿರೋವೆಲ್ಲ ಎದ್ದು ಹೋದ್ರೆ ಮತ್ತೆ ಇಳಿಯಲ್ಲ."

"ಬಿಡಾರ ಎತ್ತೋಕೆ ಉಳಿದಿರೋದು ಎರಡೇ ದಿನ ಮಾವ."

"ಅದಕ್ಕೆ ನಾನೇನು ಗಾಳಿ ಊದಲಾ? ಹೋಗಿ ನಾವು ಅಡಗಿ ಕೂರೋ ಮರೆಯ ಕೊಂಬೆ ಸರಿ ಮಾಡು, ಒಣಗಿ ಕೆಂಪಾಗಿವೆ."

ಹಲ್ಲು ಕಚ್ಚಿಕೊಂಡು ಹೋದೆ. ಕರಡಿ ಓಡಾಡುವ ಕಾಲವಾದ್ದರಿಂದ ಬಂದೂಕು ಹೆಗಲಲ್ಲೇ ಇತ್ತು. ಹಸಿ ಸ್ಪ್ರೂಸ್ ಕೊಂಬೆಗಳನ್ನು ಮರೆಗೆ ಸಿಕ್ಕಿಸುತ್ತಿದ್ದಾಗ ಒಂಟಿ ಹೆಬ್ಬಾತೊಂದು ನೀರಿಗೆ ತಾಗುವಷ್ಟು ತಗ್ಗಿನಲ್ಲಿ ನೇರ ನನ್ನ ಕಡೆಗೇ ಬಂತು. ಹತ್ತೇ ಹೆಜ್ಜೆ. ಮುಖ ತಗ್ಗಿಸಲಿಲ್ಲ, ಯಾರನ್ನೂ ಕೇಳಲಿಲ್ಲ. ಎಂಟು ದಿನದ ಸಿಟ್ಟೆಲ್ಲ ಬೆರಳಿಗೆ ಬಂದು ಬಂದೂಕಿನ ಕುದುರೆ ಎಳೆದೆ.

ಹಕ್ಕಿ ಬಿತ್ತು. "ಬಿತ್ತು!" ಎಂದು ಹುಚ್ಚಿಯಂತೆ ಕಿರುಚಿದೆ. ಆ ಹೊತ್ತಿಗೆ ಸದ್ದು ಆಚೆ ದಡ ಮುಟ್ಟಿ ತಿರುಗಿ ಬಂತು, ಅದರ ಹಿಂದೆಯೇ ಕೊಳದ ತುದಿಯಿಂದ ನೂರಾರು ಹೆಬ್ಬಾತುಗಳು ಒಟ್ಟಿಗೆ ಎದ್ದವು. ಬೊಬ್ಬೆ ಹಾಕುತ್ತಾ ಉತ್ತರಕ್ಕೆ ಹೊರಟವು, ಒಂದೂ ತಿರುಗಲಿಲ್ಲ. ನಾನು ನೀರಿಗಿಳಿದು ನನ್ನ ಹಕ್ಕಿಯನ್ನು ಎತ್ತಿದೆ. ರೆಕ್ಕೆ ಸರಿಯಿತ್ತು, ಎದೆ ಸರಿಯಿತ್ತು. ತಲೆ ಇರಲಿಲ್ಲ. ಅಷ್ಟು ಹತ್ತಿರದಿಂದ ಹೊಡೆದರೆ ಇನ್ನೇನಾಗುತ್ತದೆ? ಚೂರು ಚರ್ಮ, ಒಂದಿಷ್ಟು ರಕ್ತ, ಅಷ್ಟೇ.

ದಡದಲ್ಲಿ ಮಾವ ನಿಂತಿದ್ದ. ಹಿಂಡು ಹೋದ ಉತ್ತರದ ಕಡೆಗೇ ನೋಡುತ್ತಿದ್ದ.

"ಈ ವರ್ಷಕ್ಕೆ ಈ ಕೊಳ ಮುಗೀತು," ಎಂದ. "ರೆಡ್‌ಫರ್ನ್, ಸಾಮಾನು ಕಟ್ಟು."

ರೆಡ್‌ಫರ್ನ್ ಕೂಡ ನಗಲಿಲ್ಲ. ಅವನ ಮನೆಗೆ ಇನ್ನೂ ಹತ್ತು ಹಕ್ಕಿಯಾದರೂ ಬೇಕಿತ್ತು. ನನ್ನ ಮೇಲೆ ನನಗೇ ಉರಿದುಹೋಯಿತು.

ಅಮ್ಮ ಒಲೆಯ ಪಕ್ಕ ಕೂತಿದ್ದಳು. ಹಕ್ಕಿಯನ್ನು ಅವಳ ಮಡಿಲಲ್ಲಿಟ್ಟೆ. ಅವಳು ಎದೆ ತಡವಿದಳು, ಕುತ್ತಿಗೆಯ ಉದ್ದಕ್ಕೂ ಬೆರಳಾಡಿಸಿದಳು, ತುದಿಯಲ್ಲಿ ನಿಲ್ಲಿಸಿದಳು.

"ತಲೆ ಎಲ್ಲಿ?"

"ಇಲ್ಲ ಅಮ್ಮ."

"ಜೋಸಾಯ ಹೂಂ ಅಂದಿದ್ನಾ?"

"ಇಲ್ಲ."

"ಹಾಗಾದ್ರೆ ಇದನ್ನ ನೀನು ಹೊಡೆದಿಲ್ಲ. ನಿನ್ನ ಸಿಟ್ಟು ಹೊಡೆದಿದೆ. ಪುಕ್ಕ ಕೀಳು, ಸಾರು ಮಾಡಿ ಎಲ್ಲರಿಗೂ ಹಾಕೋಣ. ಮೊದಲನೇದು ಇನ್ನೂ ಬರಬೇಕು."

"ಮುಂದಿನ ವರ್ಷ ನಿನಗೆ ಕಣ್ಣು ಕಾಣಲ್ವಲ್ಲ ಅಮ್ಮ!" ನಾನು ಕೂಗಿಯೇಬಿಟ್ಟೆ. "ಹೇಗೆ ಹೊಲೀತೀಯಾ?"

ಅಮ್ಮ ದಿಂಬಿನ ಕೆಳಗೆ ಕೈ ಹಾಕಿ ಹಳೆಯ ಬಿಸ್ಕತ್ತಿನ ಡಬ್ಬಿ ತೆಗೆದಳು. ಒಳಗೆ ಕಪ್ಪು ಬಟ್ಟೆಯ ಕುತ್ತಿಗೆಪಟ್ಟಿ. ಕೆಂಪು, ಬಿಳಿ ಮಣಿಗಳ ಹೂಬಳ್ಳಿ, ತುದಿಯಲ್ಲಿ ನನ್ನ ಹೆಸರು. ಒಂದು ಹೊಲಿಗೆಯೂ ತಪ್ಪಿರಲಿಲ್ಲ.

"ಹೋದ ಚಳಿಗಾಲದಲ್ಲೇ ಮುಗಿಸಿದೆ, ಕಣ್ಣು ಇರೋವಾಗ. ನೀನು ಯಾವುದನ್ನು ಬೇಗ ಕಲಿತಿದ್ದೀಯಾ ಹೇಳು? ನಡೆಯೋದಕ್ಕೇ ಎರಡು ವರ್ಷ ತಗೊಂಡೋಳು." ಡಬ್ಬಿ ಮುಚ್ಚಿದಳು. "ಗಂಟು ಹಾಕೋದಕ್ಕೆ ಕಣ್ಣು ಬೇಡ ನನಗೆ. ತಲೆ ಮಾತ್ರ ಸರಿಯಾಗಿ ತಗೊಂಡು ಬಾ."

ನಾನು ತಲೆಯಿಲ್ಲದ ಹಕ್ಕಿಯನ್ನು ಎತ್ತಿಕೊಂಡು ಹೊರಗೆ ಹೋಗಿ ಪುಕ್ಕ ಕೀಳಲು ಕೂತೆ. ಸ್ವಲ್ಪ ಹೊತ್ತಿಗೆ ಸ್ಪ್ರೂಸ್ ಮರಗಳ ತುದಿ ಅಲುಗಿತು. ಗಾಳಿ ಎದ್ದಿತ್ತು.