ಎರಡು ಹೂವಿನ ಪ್ರಶ್ನೆ

ಆ ಮಂಗಳವಾರ ಬೆಳಿಗ್ಗೆ ಇಂದು ಎಂಬ ಹೆಸರಿನ ನಮ್ಮ ಅಣ್ಣನ ಸೊಸೆ ಜಗುಲಿಯ ಮೇಲೆ ಕೂತು ನೆನೆದ ಅವರೆಕಾಳು ಹಿತಕಿ ಸಿಪ್ಪೆ ಬಿಡಿಸುತ್ತಿದ್ದಳು. ಬಸುರಿ, ಅವಳಿಗೆ ಒಂಬತ್ತನೆಯ ತಿಂಗಳು. ಎರಡು ಕಾಳು ಹಿತಕುವಳು, ಕೈಬಿಟ್ಟು ಹಣೆ ಒತ್ತಿಕೊಳ್ಳುವಳು. ಕೈ ಊದಿ ಬಳೆಗಳು ಕಚ್ಚಿಕೊಂಡಿದ್ದವು.

"ತಲೆ ನೋಯ್ತಾ ಇದೆಯಾ ತಾಯಿ?" ಎಂದೆ.

"ಅಂಥಾದ್ದೇನಿಲ್ಲ ಚಿಕ್ಕಮಾವ. ಕಣ್ ಮುಂದೆ ಸ್ವಲ್ಪ ಮಿಣಮಿಣ ಅಂತಿದೆ ಅಷ್ಟೆ. ನಿನ್ನೆ ನಿದ್ದೆ ಆಗಿಲ್ವಲ್ಲ, ಅದಕ್ಕೇ ಇರ್ಬೇಕು."

ನನಗೆ ಆ 'ಅಷ್ಟೆ' ಎಂಬ ಮಾತಿನ ಮೇಲೆ ನಂಬಿಕೆ ಹೋಗಿ ಒಂದು ವರ್ಷವಾಗಿತ್ತು. ಅವಳ ಗಂಡ ಮುನಿರಾಜುವನ್ನು ಕೂಗಿ, ಸಂಜೆಯ ತನಕ ಕಾಯಬೇಡ, ಈಗಲೇ ತೋರಿಸಿಕೊಂಡು ಬಾ ಎಂದು ಹೆಬ್ಬಾಳದ ಆಸ್ಪತ್ರೆಗೆ ಕಳಿಸಿದೆ.

ನಮ್ಮ ಮನೆಯ ಪದ್ಧತಿಯನ್ನು ಮೊದಲು ತಿಳಿಸಬೇಕು. ತಣಿಸಂದ್ರದ ನಮ್ಮ ರಾಗಿ ಹೊಲದಲ್ಲಿ ಈಗ ಹನ್ನೆರಡು ಅಂತಸ್ತಿನ ಕಟ್ಟಡವಿದೆ. ಆದರೆ ಬೀದಿಯ ಕೊನೆಯ ಪಟಾಲಮ್ಮನ ಗುಡಿ ಹಾಗೆಯೇ ಇದೆ. ಅದರ ಪೂಜೆ ನಮ್ಮ ಮನೆತನದ್ದು. ಬೋರ್‌ವೆಲ್ ಕೊರೆಸುವುದಿರಲಿ, ಹೆಣ್ಣು ತರುವುದಿರಲಿ, ತಾಯಿಯ ಹೂವು ಕೇಳದೆ ನಾವು ಹೆಜ್ಜೆ ಇಡುವುದಿಲ್ಲ. ನನ್ನ ಅಣ್ಣ ಲಕ್ಕಣ್ಣ ಎರಡು ಸೇವಂತಿಗೆಗಳನ್ನು ನೀರಿನಲ್ಲಿ ಅದ್ದಿ ತಾಯಿಯ ಎರಡು ಭುಜಗಳಿಗೆ ಅಂಟಿಸುತ್ತಾನೆ. ಬಲಕ್ಕೆ ಬಿದ್ದರೆ ಹೀಗೆ, ಎಡಕ್ಕೆ ಬಿದ್ದರೆ ಹಾಗೆ ಎಂದು ಕೇಳಿ ಕೈಮುಗಿಯುತ್ತಾನೆ. ಮೊದಲು ಬಿದ್ದ ಹೂವೇ ಅಪ್ಪಣೆ. ನಾನೂ ಎಪ್ಪತ್ತು ವರ್ಷ ಆ ಅಪ್ಪಣೆಯಲ್ಲಿ ಬಾಳಿದವನು. ಇಂದಿಗೂ ತಾಯಿಗೆ ಕೈಮುಗಿಯದೆ ಕಾಫಿ ಕುಡಿಯುವುದಿಲ್ಲ. ದೇವರಿಲ್ಲ ಎನ್ನುವವನ ಬರಹ ಇದೆಂದು ಓದುವವರು ತಿಳಿಯಬಾರದು.

ಹನ್ನೆರಡು ಗಂಟೆಗೆ ಗಂಡ ಹೆಂಡತಿ ವಾಪಸು ಬಂದರು. ಮುನಿರಾಜುವಿನ ಮುಖ ಬಿಳಿಚಿಕೊಂಡಿತ್ತು.

"ಅಪ್ಪಾಜಿ, ಡಾಕ್ಟರ್ ಗಜಾಲಾ ಇವತ್ತೇ ಅಡ್ಮಿಟ್ ಆಗ್ಬೇಕು ಅಂದ್ರು. ಬಿಪಿ ನೂರೆಪ್ಪತ್ತು ಇದೆಯಂತೆ. ಸಂಜೆಯೊಳಗೆ ಆಪರೇಷನ್ ಮಾಡಿ ಮಗು ತೆಗೀಬೇಕಂತೆ. ಬ್ಯಾಗ್ ತಗೊಂಡು ಹೊರಡೋಣ ಅಂತ ಬಂದ್ವಿ."

"ಕೂತ್ಕೊಳಮ್ಮಾ ಇಂದು, ಮೊದ್ಲು ಒಂದ್ ಲೋಟ ಮಜ್ಜಿಗೆ ಕುಡಿ" ಎಂದ ಅಣ್ಣ. ಅವನ ದನಿ ಎಂದಿನಂತೆ ಮೃದುವಾಗಿತ್ತು. "ಡಾಕ್ಟ್ರಮ್ಮ ಸುಳ್ಳು ಏಳವ್ರೆ ಅಂತ ನಾನು ಅಂತೀನಾ? ಓದ್ಕೊಂಡಿರೋರು. ಆಪರೇಸನ್ನೇ ಆಗ್ಲಿ, ನಾನೇನು ಅಳೇ ಕಾಲದೋನಾ? ಆದ್ರೆ ಇವತ್ತು ಮಂಗಳವಾರ ಕಣಪ್ಪ. ಮೂರಕ್ಕೆ ರಾಹುಕಾಲ. ಗುರುವಾರ ಬೆಳಿಗ್ಗೆ ಒಂದು, ಶುಕ್ರವಾರ ಒಂದು, ಎರಡು ಒಳ್ಳೆ ಗಳಿಗೆ ಬರೆಸಿಟ್ಟಿದ್ದೀನಿ."

"ಅಲ್ಲಿಗಂಟ ಬಿಪಿ..."

"ನಂದು ನೂರೆಂಬತ್ತು ಕಣೋ! ಸತ್ನಾ ನಾನು? ಬೆಂಗ್ಳೂರಲ್ಲಿ ಬಿಪಿ ಇಲ್ದಿರೋನ್ನ ಒಬ್ಬನ್ನ ತೋರ್ಸು ನೋಡಾನ!"

ಮುನಿರಾಜು ಬೇಡಬೇಡವೆಂದರೂ ನಕ್ಕುಬಿಟ್ಟ. ನಾನು ಆ ನಗುವನ್ನೇ ನೋಡುತ್ತಿದ್ದೆ. ಅದರ ಜೊತೆಯಲ್ಲಿ ಅವನ ಅರ್ಧ ಭಯ ಹೊರಟುಹೋಯಿತು. ಅಣ್ಣ ಕೂಡಲೇ ದನಿ ತಗ್ಗಿಸಿದ.

"ನಿಮ್ಮಿಷ್ಟಪ್ಪ. ನಾನ್ಯಾರು ಏಳೋಕೆ? ನಾಳೆ ಮಗೂಗೆ ಏನಾದ್ರೂ ಆದ್ರೆ ತಾತ ಒಂದ್ ಮಾತು ಏಳ್ಲಿಲ್ಲ ಅನ್ಬ್ಯಾಡಿ, ಅಷ್ಟೆ. ನಂದೂ ಬ್ಯಾಡ, ನಿಂದೂ ಬ್ಯಾಡ, ಅಮ್ಮನ್ನೇ ಕೇಳಾನ. ನಮ್ ಇಂದು ಚಿನ್ನದಂಥ ಮಗ, ಅಮ್ಮನ ಮಾತು ಮೀರಲ್ಲ."

ಅಣ್ಣನ ಮಾತಿನ ಇದೇ ದಾರಿಯಲ್ಲಿ ನಾನು ಒಮ್ಮೆ ಕಣ್ಣುಮುಚ್ಚಿ ನಡೆದಿದ್ದೆ. ಎದುರಿನವನ ಮಾತನ್ನು ಮೊದಲು ಒಪ್ಪಿಕೊಳ್ಳುವುದು, ಆಮೇಲೆ ನಗಿಸುವುದು, ನಕ್ಕವನು ಸಡಿಲವಾದಾಗ ತಾನು ಹಿಂದೆ ಸರಿದಂತೆ ಮಾಡುವುದು, ಸರಿಯುತ್ತಲೇ ಭಯವೊಂದನ್ನು ಅವನ ಮಡಿಲಿಗೆ ಹಾಕುವುದು. ಕೊನೆಗೆ ತಾಯಿಯ ಹೆಸರು. ಅಲ್ಲಿಗೆ ಬಂದ ಮೇಲೆ ಎದುರಾಡುವವರು ಯಾರು?

ಹೋದ ವರ್ಷ ಇದೇ ಅವರೆಕಾಯಿಯ ಕಾಲ. ನನ್ನ ಹೆಂಡತಿ ಮುನಿಕೃಷ್ಣಮ್ಮನಿಗೆ ಎದೆಯಲ್ಲಿ ಹಿಂಡಿದಂತಾಗಿ ಎಡಗೈ ಸೋತಿತ್ತು. ಆಸ್ಪತ್ರೆಯಲ್ಲಿ ಸೇರಿಸಿಕೊಳ್ಳುತ್ತೇವೆ ಎಂದರು. ಅಣ್ಣ ಅಂದೂ ಡಾಕ್ಟರ ಮಾತು ಸರಿ ಎಂದ, ಅಂದೂ ನಗಿಸಿದ. ಆಮೇಲೆ ಗುಡಿಯಲ್ಲಿ ಕೇಳಿದ: "ತಾಯಿ, ಅಮಾಸೆ ಕಳೆದ ಮೇಲೆ ಆಸ್ಪತ್ರೆ ಅಂದ್ರೆ ಬಲಕ್ಕೆ ಕೊಡು, ರಾಜಾನುಕುಂಟೆ ನಾಟಿ ಔಸ್ದಿ ಅಂದ್ರೆ ಎಡಕ್ಕೆ ಕೊಡು." ಬಲಕ್ಕೆ ಬಿತ್ತು. ಆಸ್ಪತ್ರೆಗೆ ತಾಯಿಯೇ ಒಪ್ಪಿದಳೆಂದು ನಾನು ಸಂತೋಷಪಟ್ಟೆ. ಅಮಾವಾಸ್ಯೆಗೆ ಮೂರು ದಿನವಿತ್ತು. ಎರಡನೆಯ ದಿನ ಬೆಳಿಗ್ಗೆ ಮುನಿಕೃಷ್ಣಮ್ಮ ಅವರೆ ಹಿತಕುತ್ತ ಕೂತಲ್ಲೇ ಗೋಡೆಗೆ ಒರಗಿದಳು. ಬಟ್ಟಲಲ್ಲಿ ಅರ್ಧ ಬೇಳೆ, ಅರ್ಧ ಕಾಳು.

ಮಣ್ಣು ಮಾಡಿದ ಮೇಲೆ ಎಲ್ಲರೂ ಹಣೆಬರಹ ಎಂದರು. ನಾನೂ ಹಾಗೆಯೇ ಎಂದೆ.

ಈ ಮಂಗಳವಾರವೂ ಗುಡಿಗೆ ಹೋದೆವು. ಇಂದು ಕಂಬಕ್ಕೆ ಒರಗಿ ಕಣ್ಣು ಮುಚ್ಚಿಕೊಂಡಳು. ಅಣ್ಣ ಹೂವು ಅಂಟಿಸಿ ಕೈಮುಗಿದ.

"ತಾಯಿ ಪಟಾಲಮ್ಮ, ಗುರುವಾರ ಅಂದ್ರೆ ಬಲಕ್ಕೆ ಕೊಡು, ಶುಕ್ರವಾರ ಅಂದ್ರೆ ಎಡಕ್ಕೆ ಕೊಡು."

ನಾನು ಮೂವತ್ತು ವರ್ಷ ಪ್ರಾಥಮಿಕ ಶಾಲೆಯಲ್ಲಿ ಮೇಷ್ಟ್ರಾಗಿದ್ದವನು. ಒಂದು ಪರೀಕ್ಷೆಯಲ್ಲಿ ಸರಿಯಾದ ಉತ್ತರ ಆರಿಸಿ ಎಂದು ಬರೆದು, ಅವಸರದಲ್ಲಿ ಸರಿಯಾದ ಉತ್ತರವನ್ನೇ ಬಿಟ್ಟುಬಿಟ್ಟಿದ್ದೆ. ಇಡೀ ತರಗತಿ ಇದ್ದದ್ದರಲ್ಲೇ ಒಂದಕ್ಕೆ ಗುರುತು ಹಾಕಿತು. ಒಬ್ಬ ಹುಡುಗಿ ಮಾತ್ರ ಎದ್ದು ನಿಂತು, "ಸಾರ್, ಉತ್ತರ ಇದ್ರಲ್ಲಿ ಇಲ್ಲ" ಅಂದಳು. ಎಷ್ಟೋ ವರ್ಷದ ಮಾತು. ಅಂದು ಗುಡಿಯಲ್ಲಿ ಅವಳ ದನಿ ನನ್ನ ಕಿವಿಯಲ್ಲಿ ಕೇಳಿಸಿತು.

"ಅಣ್ಣ," ಎಂದೆ, "ಇವತ್ತು ಅನ್ನೋದಕ್ಕೆ ಯಾವ ಹೂವು?"

"ಏನಂದೆ?"

"ಬಲಕ್ಕೆ ಬಿದ್ರೂ ಕಾಯ್ಬೇಕು, ಎಡಕ್ಕೆ ಬಿದ್ರೂ ಕಾಯ್ಬೇಕು. ಕಾಯೋದು ಬೇಡ ಅಂತ ತಾಯಿ ಹೇಳ್ಬೇಕಾದ್ರೆ ಎಲ್ಲಿಂದ ಹೇಳ್ಬೇಕು? ಅದಕ್ಕೆ ನೀನು ಅವಳಿಗೆ ದಾರೀನೇ ಬಿಟ್ಟಿಲ್ವಲ್ಲ!"

"ತಮ್ಮಾ, ಎಂಡ್ತಿ ಸತ್ತ ದುಕ್ಕದಲ್ಲಿ ನಿನ್ ತಲೆ ಕೆಟ್ಟದೆ. ಅಮ್ಮನ್ನ ಅನುಮಾನಿಸ್ಬ್ಯಾಡ."

"ಅಮ್ಮನ ಮೇಲೆ ನನಗೆ ಅನುಮಾನ ಇಲ್ಲ. ಪ್ರಶ್ನೆ ಬರೆದವನ ಮೇಲೆ ಇದೆ. ನನ್ ಹೆಂಡ್ತಿಗೂ ನೀನು ಇಂಥಾ ಎರಡೇ ಹೂವು ಇಟ್ಟೆ. ನಾನು ಕೈಮುಗ್ದು ನಿಂತ್ಕೊಂಡೆ. ಅದು ನನ್ ತಪ್ಪು. ಇವತ್ತು ಮಾಡಲ್ಲ."

ಅಣ್ಣನ ಮುಖ ಕೆಂಪೇರಿತು. ಅವನು ಬೇಕೆಂದೇ ಮೋಸ ಮಾಡಿದನೆಂದು ನಾನು ಈಗಲೂ ಬರೆಯಲಾರೆ. ತನ್ನ ಮನಸ್ಸಿನಲ್ಲಿ ಮೊದಲೇ ತೀರ್ಮಾನವಾದದ್ದನ್ನು ತಾಯಿಯ ಬಾಯಲ್ಲಿ ಕೇಳಿ, ಅದು ತಾಯಿಯದೇ ಎಂದು ನಂಬುವವನು ಅವನು. ಅಂಥವನನ್ನು ಎದುರಿಸುವುದು ಸುಳ್ಳುಗಾರನನ್ನು ಎದುರಿಸುವುದಕ್ಕಿಂತ ಕಷ್ಟ.

"ಆಸ್ಪತ್ರೆಯೋರು ಎದರಿಸ್ತಾರೆ, ನೀನು ಎದರ್ಕೊ" ಎಂದ. "ಅವ್ರಿಗೆ ಬೆಡ್ ತುಂಬ್ಬೇಕು."

ಅದೂ ಇರಬಹುದು. ಮಾತುಗಳನ್ನು ಅನುಮಾನಿಸುವುದಾದರೆ ಎಲ್ಲ ಕಡೆಯ ಮಾತನ್ನೂ ಅನುಮಾನಿಸಬೇಕು. ಮುನಿರಾಜುವಿನ ಫೋನಿನಿಂದ ಡಾಕ್ಟರಿಗೆ ಮಾಡಿಸಿ, ಎಲ್ಲರಿಗೂ ಕೇಳುವ ಹಾಗೆ ಸ್ಪೀಕರ್ ಹಾಕಿಸಿದೆ.

"ಇನ್ನೂ ಹೊರಟಿಲ್ವಾ?" ಎಂದರು ಗಜಾಲಾ. "ಯಾವಾಗ ಬೇಕಾದ್ರೂ ಫಿಟ್ಸ್ ಬರಬಹುದು ಅಂತ ಹೇಳಿದ್ನಲ್ಲ."

"ಡಾಕ್ಟ್ರೇ, ನಾನು ಅವಳ ಚಿಕ್ಕಮಾವ. ನೀವು ಹೆದರಿಸ್ತಾ ಇದೀರಿ ಅಂತ ನಮ್ಮನೇಲಿ ಮಾತಿದೆ. ನಿಮ್ಮನ್ನ ನಾವು ಯಾಕೆ ನಂಬ್ಬೇಕು?"

ಆಕೆ ಸಿಟ್ಟಾಗುತ್ತಾರೆಂದುಕೊಂಡೆ.

"ನಂಬಬೇಡಿ ಸರ್. ದಾರೀಲಿ ಯಾವ ಆಸ್ಪತ್ರೆ ಸಿಕ್ಕರೂ ಸರಿ, ಬಿಪಿ ನೋಡ್ಸಿ, ಯೂರಿನ್ ಟೆಸ್ಟ್ ಮಾಡ್ಸಿ. ಅಲ್ಲೂ ಇದನ್ನೇ ಹೇಳಿದ್ರೆ ಅಲ್ಲೇ ಅಡ್ಮಿಟ್ ಮಾಡಿ. ನನ್ನ ಹತ್ರಾನೇ ಬರ್ಬೇಕು ಅಂತಿಲ್ಲ. ಆದ್ರೆ ಈಗಲೇ ಹೊರಡಿ."

ನನ್ನ ಅನುಮಾನ ಅಲ್ಲಿ ನಿಂತಿತು. ಆಕೆ ತನ್ನ ಮಾತನ್ನು ಬೇರೆಯವರ ಕೈಗೆ ಕೊಟ್ಟು ಒರೆಗೆ ಹಚ್ಚಿ ನೋಡಿ ಎಂದರು. ಅಣ್ಣನ ಮಾತಿಗೆ ಅಂಥ ಬಾಗಿಲು ಎಂದೂ ಇರಲಿಲ್ಲ.

"ಮಾವ," ಎಂದಳು ಇಂದು. ಕಂಬ ಹಿಡಿದುಕೊಂಡು ನೆಟ್ಟಗೆ ನಿಂತಿದ್ದಳು. "ಹೊಟ್ಟೆ ನಂದು. ಹೂವು ಇಡೋಕ್ ಮುಂಚೆ ನೀವು ನನ್ನ ಒಂದ್ ಮಾತು ಕೇಳ್ಲಿಲ್ಲ. ನಾನು ಈಗ ಹೋಗ್ತೀನಿ."

"ಹೂವು ಬೀಳೋಕ್ ಮುಂಚೆ ಎದ್ದೋದ್ರೆ ಮನೆತನಕ್ಕೇ ಕೇಡು ಕಣಮ್ಮಾ!"

"ಬರೋದು ನನಗೇ ಬರ್ಲಿ ಮಾವ. ಇಲ್ಲೇ ಕೂತ್ರೂ ನನಗೇ ತಾನೆ ಬರೋದು?"

ಮುನಿರಾಜು ಅಪ್ಪನ ಮುಖ ನೋಡಿದ, ಹೆಂಡತಿಯ ಮುಖ ನೋಡಿದ. ಕಾರಿನ ಕಡೆಗೆ ಓಡಿದ.

ನಾನು ಗರ್ಭಗುಡಿಯ ಹೊಸ್ತಿಲು ದಾಟಿದೆ. ತಾಯಿಯ ಪಾದ ಮುಟ್ಟಿದೆ. ಬಲಗಡೆಯ ಹೂವನ್ನೂ ಎಡಗಡೆಯದನ್ನೂ ಬೀಳುವ ಮೊದಲೇ ನನ್ನ ಕೈಯಾರೆ ತೆಗೆದೆ. ಹಿಂದೆ ಅಣ್ಣ "ಅಪಚಾರ, ಅಪಚಾರ" ಎಂದು ಕೂಗುತ್ತಿದ್ದ. ಎರಡು ಹೂವನ್ನೂ ತಂದು ಇಂದುವಿನ ಅಂಗೈಯಲ್ಲಿಟ್ಟೆ. ಅವಳು ಕಣ್ಣಿಗೊತ್ತಿಕೊಂಡು ಮುಡಿದುಕೊಂಡಳು. ಬ್ಯಾಗು ಮನೆಯಲ್ಲೇ ಉಳಿಯಿತು.

ದಾರಿಯಲ್ಲಿ ಒಂದು ಸಣ್ಣ ನರ್ಸಿಂಗ್ ಹೋಮಿನಲ್ಲಿ ಬಿಪಿ ನೋಡಿಸಿದೆವು. ನೂರೆಂಬತ್ತೈದು. "ಇಲ್ಲಿ ನಿಲ್ಲಬೇಡಿ, ಓಡಿ" ಎಂದು ಅಲ್ಲಿಯ ನರ್ಸೇ ಗೇಟಿನವರೆಗೆ ಬಂದು ಕಳಿಸಿದಳು.

ಹೆಣ್ಣು ಮಗು. ಇಂದು ಎರಡು ದಿನ ಐಸಿಯುನಲ್ಲಿದ್ದು ಎದ್ದಳು. ಗುರುವಾರದವರೆಗೆ ಕಾದಿದ್ದರೆ ಇಬ್ಬರಲ್ಲಿ ಒಬ್ಬರೂ ಉಳಿಯುತ್ತಿದ್ದರೆಂದು ಹೇಳಲಾಗದು ಎಂದರು ಗಜಾಲಾ.

ಅಣ್ಣ ಮೂರನೆಯ ದಿನ ಬಂದ. ಗಾಜಿನಾಚೆ ಮಗುವನ್ನು ಬಹಳ ಹೊತ್ತು ನೋಡಿದ. ನನ್ನ ಪಕ್ಕ ಬೆಂಚಿನ ಮೇಲೆ ಕೂತು ಮೆಲ್ಲಗೆ ಕೇಳಿದ.

"ಎಷ್ಟೊತ್ಗೆ ಉಟ್ಟಿದ್ದು?"

"ಗಡಿಯಾರ ನೋಡ್ಲಿಲ್ಲ ಅಣ್ಣ" ಎಂದೆ.

ನೋಡಿದ್ದೆ. ಮೂರು ನಲವತ್ತು, ರಾಹುಕಾಲದ ನಟ್ಟನಡುವೆ. ಸುಳ್ಳು ಹೇಳಿದ್ದಕ್ಕೆ ತಾಯಿಯಲ್ಲಿ ಕ್ಷಮೆ ಕೇಳಿಕೊಂಡಿದ್ದೇನೆ. ಅಣ್ಣ ಮತ್ತೆ ಕೇಳಲಿಲ್ಲ.

ಸಂಜೆ ಮನೆಗೆ ಬಂದೆ. ಇಂದು ಬಿಟ್ಟುಹೋಗಿದ್ದ ಬಟ್ಟಲು ಜಗುಲಿಯ ಮೇಲೆ ಹಾಗೇ ಇತ್ತು. ಕಾಳು ಹುಳಿತು ನೊರೆ ಬಂದಿತ್ತು. ಅದನ್ನು ಚೆಲ್ಲಿ, ಬಟ್ಟಲು ತೊಳೆದು ಒಳಗಿಟ್ಟೆ. ಆಮೇಲೆ ಮುನಿಕೃಷ್ಣಮ್ಮನ ಪಟದ ಮುಂದೆ ಕೂತು, ಅವಳಿಗಾಗಿ ಕೇಳಬೇಕಾಗಿದ್ದ ಪ್ರಶ್ನೆಯನ್ನು ಒಂದು ವರ್ಷ ತಡವಾಗಿ ಕೇಳಿದೆನೆಂದು ಅವಳಿಗೆ ಹೇಳಿದೆ.