ಮುಂದಕ್ಕೆ ಹಾಕುವ ಮಾತ್ರೆ

ಕೆ.ಆರ್. ಪುರದ ನಮ್ಮ ಹೊಲ ಸೈಟಾಗಿ, ಸೈಟಿನಲ್ಲಿ ಮೂರಂತಸ್ತಿನ ಮನೆ ಎದ್ದ ವರ್ಷ ನಮ್ಮಮ್ಮ ಮುನಿಶಾಮಮ್ಮನಿಗೆ ಭಕ್ತಿ ಉಕ್ಕಿತು. ಮನೆದೇವರಿಗೆ ತೊಂಬತ್ತು ದಿನ ಆರದ ದೀಪ. ನೋಡಿಕೊಳ್ಳಬೇಕಾದವಳು ಸೊಸೆ ಯಮುನಾ, ನನ್ನ ಅತ್ತಿಗೆ. ಅಷ್ಟು ದಿನವೂ ಅವಳು ಹೊರಗಾಗುವಂತಿಲ್ಲ. ಅದಕ್ಕೇ ಮುಟ್ಟು ಮುಂದಕ್ಕೆ ಹಾಕುವ ಮಾತ್ರೆ. ನಮ್ಮೂರ ಅಂಗಡಿಯಲ್ಲಿ ಕೇಳಲು ನಾಚಿಕೆಯೆಂದು ಹೊಸ ತಿಪ್ಪಸಂದ್ರದಿಂದ ಚೀಟಿಯಿಲ್ಲದೆ ತರುತ್ತಿದ್ದವಳು ನಾನೇ.

ಎರಡನೇ ತಿಂಗಳಿಗೆ ಅತ್ತಿಗೆಯ ಹೊಟ್ಟೆ ಉಬ್ಬಿತು. ಅಮ್ಮ ಬಸುರೆಂದು ಹಿಗ್ಗಿದಳು. ಒಳಗಿರುವುದು ನೀರು ಎಂದು ಗೊತ್ತಾದಾಗ, "ತವರಲ್ಲಿ ಏನು ಕುಡೀತಿದ್ಳೋ" ಎಂದಳು. ಎಂಥ ನಾಲಿಗೆ!

"ಲಿವರ್‌ನಿಂದ ಹೊರಡೋ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದೆ," ಎಂದರು ಆಸ್ಪತ್ರೆಯ ಡಾಕ್ಟರು. "ಹೆಪ್ಪುಗಟ್ಟಿಸೋ ಫ್ಯಾಕ್ಟರ್‌ಗಳನ್ನೆಲ್ಲ ಟೆಸ್ಟ್ ಮಾಡಿದ್ವಿ, ಸರಿಯಾಗಿವೆ. ಕಾರಣ ಸಿಗ್ತಿಲ್ಲ. ಯಾವುದಾದ್ರೂ ಮಾತ್ರೆ ತಗೋತಿದ್ರಾ?"

"ಜ್ವರಕ್ಕೂ ಮಾತ್ರೆ ಮುಟ್ಟದೋಳು ಡಾಕ್ಟ್ರೇ," ಎಂದಳು ಅಮ್ಮ. ಸುಳ್ಳು ಹೇಳಿದೆನೆಂದು ಅವಳಿಗೆ ಅನ್ನಿಸಲೇ ಇಲ್ಲ. ಕಾಯಿಲೆಗೆ ನುಂಗಿದರೆ ಅವಳ ಲೆಕ್ಕದಲ್ಲಿ ಮಾತ್ರೆ, ದೇವರಿಗಾಗಿ ನುಂಗಿದರೆ ಮಡಿ.

ಅಮ್ಮ ಕಾಫಿಗೆ ಹೋದಾಗ ಅತ್ತಿಗೆ ನನ್ನ ಕೈ ಹಿಡಿದಳು. "ಭವ್ಯ, ಅತ್ತೆ ಎದುರಿಗೆ ನಂಗೆ ಬಾಯೇ ಬರಲ್ಲ. ಆ ಮಾತ್ರೆ ವಿಷ್ಯ ನೀನಾದ್ರೂ ಹೇಳೇ. ನಾನು ಬದುಕ್ಬೇಕು ಕಣೇ."

ಡಾಕ್ಟರ ಕೋಣೆಯ ಬಾಗಿಲವರೆಗೂ ಹೋದೆ. ಅಲ್ಲಿ ಅಮ್ಮ ಎದುರಾದಳು. ನನ್ನ ಮುಖ ನೋಡಿಯೇ ಅವಳಿಗೆ ತಿಳಿಯಿತು.

"ತಂದ್ಕೊಟ್ಟೋಳು ಯಾರೇ? ನೀನು. ಭಾನ್ವಾರ ಕಲ್ಯಾಣ ನಗರದೋರು ನಿನ್ನ ನೋಡಕ್ ಬರ್ತಾವ್ರೆ. ಅತ್ತಿಗೆಗೆ ಮದ್ದು ಹಾಕ್ದೋಳು ಅನ್ನಿಸ್ಕೊಂಡು ಮನೇಲೇ ಕೊಳೀತೀಯಾ?"

ನಾನು ಹಿಂದಕ್ಕೆ ಬಂದೆ. ಹೇಡಿ, ಬೇರೆ ಮಾತಿಲ್ಲ. ಮಾಡಿದ್ದುಣ್ಣೋ ಮಹರಾಯ ಅನ್ನುತ್ತಾರೆ. ಮಾಡಿದವರು ನಾವು, ಉಣ್ಣುತ್ತಿದ್ದವಳು ಅವಳು.

"ಹೇಳ್ದ್ಯಾ?" ಎಂದಳು ಅತ್ತಿಗೆ.

"ಹೇಳ್ದೆ. ಅದ್ರಿಂದೇನೂ ಆಗಲ್ವಂತೆ."

ಅವಳು ಕಣ್ಣೊರೆಸಿಕೊಂಡು ನನ್ನ ಕೆನ್ನೆ ಸವರಿದಳು.

ಹೊಟ್ಟೆಯ ನೀರು ತೆಗೆದು, ರಕ್ತ ತೆಳುವಾಗಲು ಔಷಧಿ ಬರೆದು ಶನಿವಾರ ಮನೆಗೆ ಕಳಿಸಿದರು. ದೀಪದ ತೊಂಬತ್ತಕ್ಕೆ ಇನ್ನೂ ಹದಿನೆಂಟು ದಿನ ಉಳಿದಿತ್ತು. ಭಾನುವಾರ ಬೆಳಗ್ಗೆ, ಗಂಡಿನ ಕಡೆಯವರು ಬರುವ ಮುಂಚೆ, ಅಮ್ಮ ಅಂಗೈಯಲ್ಲಿ ಅದೇ ಹಳೇ ಮಾತ್ರೆ ಹಿಡಿದು ನಿಂತಳು. ಅತ್ತಿಗೆ ಅವಳನ್ನು ನೋಡಲಿಲ್ಲ, ನನ್ನನ್ನು ನೋಡಿದಳು.

"ಡಾಕ್ಟ್ರೇ ಹೇಳವ್ರಲ್ಲ, ಏನೂ ಆಗಲ್ಲ ಅಂತ?" ಎಂದಳು ಅತ್ತಿಗೆ.

ಹೂಂ ಎಂದು ನೀರಿನ ಲೋಟ ಕೊಟ್ಟೆ.